ಎಂಟನೆಯ ನರ

“ಹಲ್ಲು ಕಿರಿ ಅಪ್ಪಾ. ಇನ್ನೂ ಅಗಲ.”

ಅಪ್ಪ ಮೂವತ್ತೆರಡೂ ಕಾಣುವಂತೆ ಕಿರಿದ. ಅದರಲ್ಲಿ ನಾಲ್ಕು ಕಟ್ಟಿಸಿದ್ದು. ಆದರೆ ಮುಖವನ್ನು ಆಡಿಸುವ ಏಳನೆಯ ನರಕ್ಕೆ ಹಲ್ಲಿನ ಗೊಡವೆಯಿಲ್ಲ. ಮುಖದ ಎರಡು ಬದಿಯೂ ಸಮನಾಗಿ ಎದ್ದರೆ ಸಾಕು. ಮಗಳು ಪುಸ್ತಕದಿಂದ ಅರ್ಧ ತಲೆಯೆತ್ತಿ “ನಾರ್ಮಲ್” ಎಂದಳು.

“ನೋಡದೇ ಹೇಳ್ಬೇಡ,” ಎಂದಳು ಅಮ್ಮ, ಕೆಂಪು ಪೆನ್ನು ಹಿಡಿದು. ಅಮ್ಮ ಶಾಲೆಯ ಟೀಚರು. ಈ ವಾರ ಮನೆಯಲ್ಲಿ ಪರೀಕ್ಷಕಿಯ ಪಾತ್ರವೂ ಅವಳದೇ.

“ನೋಡ್ದೆ ಕಣಮ್ಮಾ.”

“ನೋಡಿದ್ದು ಪುಸ್ತಕಾನ.”

ಮಗಳಿಗೆ ಮೈಯೆಲ್ಲ ಉರಿದುಹೋಯಿತು, ಮಾತು ನಿಜವಾಗಿದ್ದರಿಂದ. ಹೋದ ಸಲದ ಡಾಕ್ಟರಿ ಪರೀಕ್ಷೆಯಲ್ಲಿ ಅವಳು ಒಂದು ಕಣ್ಣಿನ ರೆಪ್ಪೆ ಪೂರ್ತಿ ಜೋತುಬಿದ್ದಿದ್ದ ರೋಗಿಯ ಪಕ್ಕದಲ್ಲಿ ನಿಂತು, “ತಲೆಯ ಹನ್ನೆರಡು ನರಗಳೂ ಸರಿಯಾಗಿವೆ ಸರ್” ಎಂದು ಒಂದೇ ಉಸಿರಿಗೆ ಒಪ್ಪಿಸಿ ಬಂದಿದ್ದಳು. ನಾಳೆ ಒಂಬತ್ತಕ್ಕೆ ಎರಡನೆಯ ಸಲ. ಇದೂ ಹೋದರೆ ಜೊತೆಯವರೆಲ್ಲ ಡಾಕ್ಟರಾಗಿ ವಾರ್ಡಿಗೆ ಹೋಗುತ್ತಾರೆ, ಇವಳು ಕಿರಿಯರ ಜೊತೆ ಅದೇ ಬೆಂಚು.

ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಅಪ್ಪನಂಥ ರೋಗಿ ಸಿಗುವುದು ಪುಣ್ಯ. ಹೇಳಿದರೆ ನಾಲಿಗೆ ಚಾಚುತ್ತಾನೆ, ಹೇಳಿದರೆ ಹುಬ್ಬೇರಿಸುತ್ತಾನೆ. ಮೂರನೆಯ ದಿನಕ್ಕೇ ಉತ್ತರಗಳೆಲ್ಲ ಬಾಯಿಪಾಠವಾಗಿದ್ದವು. ನಿನ್ನೆ ಕಣ್ಣು ಮುಚ್ಚಿಸಿ ಮೂಗಿಗೆ ಕಾಫಿ ಪುಡಿಯ ಬದಲು ಸೋಪು ಹಿಡಿದಾಗಲೂ “ಕಾಫಿ ಪುಡಿ!” ಎಂದಿದ್ದ. ನೆಗಡಿಯಿರಬೇಕೆಂದು ಮಗಳು ಬಿಟ್ಟಿದ್ದಳು.

“ಎಂಟನೇದು, ಕಿವಿ,” ಎಂದು ಅವಳು ಪುಟದಲ್ಲಿ ಬೆರಳಿಟ್ಟುಕೊಂಡೇ ಟ್ಯೂನಿಂಗ್ ಫೋರ್ಕೆಂಬ ಕವಲು ಕಡ್ಡಿಯನ್ನು ಅಪ್ಪನ ಎಡಗಿವಿಯ ಬಳಿ ಹಿಡಿದಳು. ಅದನ್ನು ತಟ್ಟಿ ಹಿಡಿದರೆ ಸಣ್ಣಗೆ ದನಿ ಮಾಡುತ್ತದೆ. “ಕೇಳಿಸ್ತಿದ್ಯಾ?”

“ಓಹೋ! ಗುಂಯ್ ಅಂತಿದೆ.”

“ನಾರ್ಮಲ್.”

ಕೆಂಪು ಪೆನ್ನು ಗೀಚಲಿಲ್ಲ. “ಅದನ್ನ ತಟ್ಟಿದ್ಯೇನೇ?” ಎಂದಳು ಅಮ್ಮ.

ಮಗಳು ಕಡ್ಡಿಯ ಮುಖ ನೋಡಿದಳು. ತಟ್ಟಿರಲಿಲ್ಲ.

“ಮತ್ತೆ ಗುಂಯ್ ಅಂದಿದ್ದು ಏನ್ರೀ?”

ಅಪ್ಪ ಕೆಮ್ಮಿದ. “ಮಗು ಪಾಸಾಗ್ಲಿ ಅಂತ…”

ಮಗಳು ಪುಸ್ತಕ ಮುಚ್ಚಿದಳು. ಕಡ್ಡಿಯನ್ನು ಮಂಡಿಗೆ ತಟ್ಟಿ, ಅಂಗೈಯಿಂದ ಅಪ್ಪನ ಕಣ್ಣು ಮುಚ್ಚಿ, ಎಡಗಿವಿಯ ಹತ್ತಿರ ತಂದಳು. ಅಪ್ಪ ಸುಮ್ಮನೆ ಕೂತಿದ್ದ. ಬಲಕ್ಕೆ ತಂದಾಗ, “ಹಾಂ, ಈಗ ಬಂತು,” ಎಂದ. ಮೂರು ಸಲ ಮಾಡಿದರೂ ಅಷ್ಟೇ.

“ಯಾವಾಗಿಂದ ಅಪ್ಪಾ?”

“ಹತ್ತು ವರ್ಷ ಆಗಿರ್ಬೇಕು. ಇಂಜಿನ್ನು ಎಡಗಡೇನೇ ತಾನೇ ಇದ್ದದ್ದು.”

ಊಟಕ್ಕಾಗಲಿ, ಹರಟೆಗಾಗಲಿ ಅಮ್ಮ ಮದುವೆಯಾದಾಗಿನಿಂದ ಕೂರುವುದು ಗಂಡನ ಎಡಗಡೆಗೆ. ಅವಳು ಪೆನ್ನು ಕೆಳಗಿಟ್ಟಳು.

“ನಾನು ಹೇಳಿದ್ದಕ್ಕೆಲ್ಲಾ ಹೂಂ ಹೂಂ ಅಂತಿದ್ರಲ್ಲ?”

“ಹೂಂ ಅಂದ್ರೆ ನಿಂಗೆ ಸಮಾಧಾನ ಆಗ್ತಿತ್ತು ಕಣೇ.”

ಅಮ್ಮನಿಗೆ ಸಿಟ್ಟು ಬಂತೋ ಅಳು ಬಂತೋ, ಅವಳಿಗೇ ತಿಳಿಯಲಿಲ್ಲ. ಕುರ್ಚಿಯನ್ನು ದರದರ ಎಳೆದು ಗಂಡನ ಬಲಗಡೆಗೆ ಹಾಕಿಕೊಂಡಳು. “ಸರಿ. ಹತ್ತು ವರ್ಷದ್ದನ್ನ ಮೊದಲಿಂದ ಹೇಳ್ತೀನಿ.”

“ಅಮ್ಮಾ, ನಾಳೆ ನಂಗೆ ಪರೀಕ್ಷೆ!”

“ನೀನೂ ಮೊದಲಿಂದ ಶುರು ಮಾಡು. ಪುಸ್ತಕ ಇಲ್ಲಿ ಕೊಡು.”

ಮರುದಿನ ಪರೀಕ್ಷೆಯಲ್ಲಿ ಸಿಕ್ಕ ರೋಗಿ ಬೋಳುತಲೆಯ ಮುದುಕ. ಅವನೂ ಕೇಳುವ ಮೊದಲೇ ತಲೆಯಾಡಿಸುವ ಒಳ್ಳೆಯ ಮನುಷ್ಯ. ಮಗಳು ಅವನ ತಲೆಯಾಟವನ್ನು ನಂಬಲಿಲ್ಲ. ಸೋಪನ್ನೂ ಕಾಫಿ ಪುಡಿಯನ್ನೂ ಅದಲುಬದಲು ಮಾಡಿ ಹಿಡಿದಳು. ಕಡ್ಡಿಯನ್ನು ತಟ್ಟಿ, ಮೊದಲು ತನ್ನ ಕಿವಿಗೇ ಇಟ್ಟುಕೊಂಡು ನೋಡಿದಳು. ಕೊನೆಗೆ ಮುದುಕ ಚಾಚಿದ ನಾಲಿಗೆ ಕೂದಲೆಳೆಯಷ್ಟು ಎಡಕ್ಕೆ ವಾಲಿತು.

“ಹನ್ನೆರಡನೆಯ ನರ ಸರ್. ಎಡಗಡೆಯದು.”

“ನೋಡಿ ಹೇಳ್ತಿರೋದಾ, ಊಹೇನಾ?” ಎಂದರು ಪರೀಕ್ಷಕರು.

“ಮೂರು ಸಲ ನೋಡಿದೆ ಸರ್.”

ಪರೀಕ್ಷಕರು ತಲೆಯೆತ್ತದೆ, “ಸರಿಯಾಗಿದೆ, ಹೋಗಿ,” ಎಂದರು.

ಗೇಟಿನ ಬಳಿ ಅಪ್ಪ ಅಮ್ಮ ಕಾದಿದ್ದರು. ಅವಳು ಓಡಿಬಂದು ಅಪ್ಪನ ಬಲಗಡೆಗೆ ಸುತ್ತಿ ಹೋಗುವಷ್ಟರಲ್ಲಿ ಆ ಜಾಗವನ್ನು ಅಮ್ಮ ಗಟ್ಟಿಯಾಗಿ ಹಿಡಿದಾಗಿತ್ತು. ಅವಳು ಎಡಗಡೆಯಲ್ಲೇ ನಿಂತು, ಏದುಸಿರಿನಲ್ಲಿ, “ಸರಿಯಾಗಿ ಹೇಳ್ದೆ ಅಪ್ಪಾ,” ಎಂದಳು.

“ಹೂಂ, ಹೂಂ,” ಎಂದ ಅಪ್ಪ.

ಅಮ್ಮ ಅವನ ತೋಳು ಹಿಡಿದು, ಬಲಗಿವಿಯ ಹತ್ತಿರ ಬಾಗಿ, ಅದನ್ನೇ ಇನ್ನೊಂದು ಸಲ ಹೇಳಿದಳು.