ಬಾಗಿಲ ಕೆಳಗೆ ಬಗ್ಗುವ ಮುನ್ನ

ಬಬಲೇಶ್ವರದ ಸಂತೆಯಲ್ಲಿ ಬೆಳಗಿನ ವ್ಯಾಪಾರ ಹಿಡಿಯಬೇಕಾದರೆ ಸೀರೆಯ ಗಂಟುಗಳು ಬೇಗ ಇಳಿಯಬೇಕು. ತಿಕೋಟಾದ ಶಂಕ್ರೆಪ್ಪ ಎತ್ತಿನ ಬಂಡಿ ಬಿಟ್ಟು ಹಳೆಯದೊಂದು ವ್ಯಾನು ಕೊಂಡದ್ದು ಅದಕ್ಕೇ. ಅದರ ಹಿಂದಿನ ಬಾಗಿಲು ಮೇಲಕ್ಕೆ ಏಳುವಂಥದು. ಬಾಗಿಲನ್ನು ಎತ್ತಿ ಹಿಡಿಯಲು ಎರಡೂ ಬದಿಗೆ ಒಂದೊಂದು ಸ್ಪ್ರಿಂಗಿನ ಸರಳು. ಆ ಸರಳುಗಳು ಸವೆದಿದ್ದವು. ಎತ್ತಿದ ಬಾಗಿಲು ನಿಲ್ಲುತ್ತಿರಲಿಲ್ಲ.

ಶಂಕ್ರೆಪ್ಪ ಏನು ಮಾಡಿದ? ಎತ್ತು ಬಿಚ್ಚಿದ ಮೇಲೆ ಬಂಡಿಯ ನೊಗದ ಕೆಳಗೆ ಆನಿಸುತ್ತಿದ್ದ ಕಟ್ಟಿಗೆಯನ್ನೇ ತಂದು ಬಾಗಿಲಿಗೆ ಆಸರೆ ಕೊಟ್ಟ.

“ಇದರ ಕೆಳಗ ತಲಿ ಹಾಕಾಕ ಎದಿ ನಡಗತೈತ್ರಿ,” ಎಂದಳು ಹೆಂಡತಿ ರುದ್ರವ್ವ, ಒಂದು ಸಂತೆಯ ಬೆಳಗ್ಗೆ ವ್ಯಾನಿನ ಹಿಂದೆ ನಿಂತು.

“ಏ ಹುಚ್ಚಿ, ನಮ್ಮಪ್ಪನ ಕಾಲದ ಕಟ್ಟಿಗಿ ಇದು. ತುಂಬಿದ ಬಂಡಿ ಹೊತ್ತೈತಿ. ಈ ತಗಡ ಹೊರೂದಿಲ್ಲೇನು?”

ಪಕ್ಕದಲ್ಲಿ ಪಾತ್ರೆಯ ಅಂಗಡಿ ಹಚ್ಚುತ್ತಿದ್ದ ಅಬೇದಾ ತಲೆ ಎತ್ತಿದಳು. ಅವಳ ಮನೆಯಲ್ಲೂ ಅಂಥದೇ ವ್ಯಾನು ಇತ್ತು.

“ಶಂಕ್ರೆಪ್ಪಣ್ಣಾ, ನಿಂತ ಬಂಡಿ ಅಲಗಾಡೂದಿಲ್ಲ. ವ್ಯಾನ್ ಹಂಗಲ್ಲ, ನೀ ಹತ್ತಿದ್ರ ತೂಗತೈತಿ. ಕಟ್ಟಿಗಿ ಜಾರತೈತಿ ನೋಡು.”

“ನಿನ್ನ ಕೊಡ ಸೋರತಾವೇನು ನೋಡ್ಕೋ ತಂಗಿ. ನನ್ನ ವ್ಯಾನ್ ನಾ ನೋಡ್ಕೋತೀನಿ,” ಎಂದು ನಗುತ್ತ ಅವನು ಗಂಟುಗಳನ್ನು ಹಿಂದಕ್ಕೆ ತಳ್ಳಲು ಮುಂದಿನ ಬಾಗಿಲಿನಿಂದ ಒಳಗೆ ಹತ್ತಿದ.

ಹಿಂದೆ ರುದ್ರವ್ವ ಬಗ್ಗಿ ಗಂಟಿಗೆ ಕೈ ಹಾಕಿದ್ದಳು. ವ್ಯಾನು ತೂಗಿತು. ಕಟ್ಟಿಗೆ ಜಾರಿತು.

“ರುದ್ರಕ್ಕಾ!”

ಅಬೇದಾ ಅವಳ ಸೆರಗು ಹಿಡಿದು ಎಳೆದಳು. ರುದ್ರವ್ವ ನೆಲಕ್ಕೆ ಬಿದ್ದಳು. ಬಾಗಿಲು ಧಡ್ ಎಂದು ಇಳಿಯಿತು. ಅವಳ ಕುತ್ತಿಗೆ ಇದ್ದ ಜಾಗದಲ್ಲಿ ಈಗ ಗಂಟಿತ್ತು. ಬಾಗಿಲಿನ ಕೊಂಡಿ ಗೋಣಿ ಹರಿದು ಸೀರೆಗಳೊಳಗೆ ನಾಟಿತ್ತು.

“ಪೆಟ್ಟಾತೇನ?” ಎನ್ನುತ್ತ ಶಂಕ್ರೆಪ್ಪ ಇಳಿದು ಓಡಿ ಬಂದ.

“ಆಗಿದ್ರ ಹೇಳಾಕ ನಾ ಇರ್ತಿದ್ದಿಲ್ಲ. ಇನ್ನ ಈ ವ್ಯಾನಿನ ಹಿಂದ ನಾ ಬರೂದಿಲ್ಲ.”

“ಗ್ಯಾರೇಜಿಗೆ ಬಿಟ್ರ ಸಂತಿ ತಪ್ಪತೈತಂತ ಸುಮ್ಮನಿದ್ದೆ...”

“ಗ್ಯಾರೇಜ್ ಯಾಕಣ್ಣಾ?” ಎಂದಳು ಅಬೇದಾ. “ನಟ್ಟು ಬಿಚ್ಚಾಕ ಬರತೈತಿಲ್ಲೋ? ಹೊಸಾ ಸರಳು ನಾವು ಮನ್ಯಾಗ ಹಾಕೀವಿ. ನಾಳಿ ನಾ ಬರ್ತೀನಿ. ಆದ್ರ ಹೇಳಿದಂಗ ಕೇಳಬೇಕು.”

ಸಂತೆ ಮುಗಿಸಿ ಶಂಕ್ರೆಪ್ಪ ನೇರ ಬಿಜಾಪುರಕ್ಕೆ ಹೋದ. ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ವ್ಯಾನಿನಲ್ಲಿದ್ದ ಹಳೆಯ ಸರಳಿಗೆ ಹಿಡಿದು ನೋಡಿ, ಅಷ್ಟೇ ಉದ್ದದ, ಆ ವ್ಯಾನಿಗೇ ಹೊಂದುವ ಜೋಡಿ ಸರಳು ತಂದ. ಒಂದೇ ಸಾಕೆಂದು ಅವನ ಮನಸ್ಸು ಎಳೆದಿತ್ತು. ಆದರೆ ಒಂದು ಗಟ್ಟಿ, ಒಂದು ಸಡಿಲ ಇದ್ದರೆ ಬಾಗಿಲು ಸೊಟ್ಟಾಗುತ್ತದೆಂದು ಅಬೇದಾ ಮೊದಲೇ ಹೇಳಿ ಕಳಿಸಿದ್ದಳು.

ಮರುದಿನ ತಿಕೋಟಾದಲ್ಲಿ ಸಮ ನೆಲದ ಮೇಲೆ ವ್ಯಾನು ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟರು. ಬಾಗಿಲು ಎತ್ತಿ, ಮೇಲಿನ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗಿದರು. ಒಂದು ಬದಿಗೆ ಶಂಕ್ರೆಪ್ಪ, ಇನ್ನೊಂದು ಬದಿಗೆ ಅವನ ತಮ್ಮ ಶಿವಶರಣಪ್ಪ ಬಾಗಿಲು ಹಿಡಿಯುವುದೆಂದಾಯಿತು.

“ಮೊದಲ ಎರಡೂ ಬಿಚ್ಚಿ ಒಗೀತೀನಿ, ಲಗೂ ಆಕ್ಕೈತಿ,” ಎಂದು ಶಂಕ್ರೆಪ್ಪ ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡ.

“ಕೆಳಗಿಡು! ಒಂದು ಬಿಚ್ಚಬೇಕು, ಅದರ ಜಾಗಾಕ್ಕ ಹೊಸಾದು ಹಾಕಬೇಕು. ಆಮ್ಯಾಲೆ ಇನ್ನೊಂದು.”

ರುದ್ರವ್ವ ಪಾನಾ ಕಸಿದುಕೊಂಡಳು. “ನೀವು ಹಿಡೀರಿ, ನಾ ಬಿಚ್ಚತೀನಿ. ಕುತ್ತಗಿ ನಂದು.”

ಅವಳು ಬಾಗಿಲಿನ ಕೆಳಗೆ ಹೋಗದೆ ಬದಿಗೇ ನಿಂತು ನಟ್ಟು ತಿರುಗಿಸಿದಳು. ಹಳೆಯ ಸರಳು ಸಲೀಸಾಗಿ ಬಂತು. ಹೊಸದು ತೂತಿಗೆ ಕೂಡಲಿಲ್ಲ. ಗಂಡಸರ ತೋಳು ನಡುಗತೊಡಗಿದವು.

“ಲಗೂ ಮಾಡು!” ಎಂದ ಶಂಕ್ರೆಪ್ಪ.

“ಅವಸರ ಬ್ಯಾಡ,” ಎಂದಳು ಅಬೇದಾ. “ಬಾಗಿಲ ಒಂದು ಬೆರಳು ಮ್ಯಾಲೆತ್ರಿ.”

ಎತ್ತುವಾಗ ಶಿವಶರಣಪ್ಪನ ಕಾಲು ಜಾರಿತು. ಬಾಗಿಲು ಜಗ್ಗಿತು. ರುದ್ರವ್ವ ಕೈ ಹಿಂದಕ್ಕೆಳೆದಳು. ಹಗ್ಗ ಕಿರ್ ಎಂದಿತು, ಆದರೆ ಹಿಡಿಯಿತು.

“ಮತ್ತ ಎತ್ರಿ,” ಎಂದಳು ರುದ್ರವ್ವ, ಮೆಲ್ಲಗೆ.

ಈ ಸಲ ಬೋಲ್ಟು ತೂತಿನಲ್ಲಿ ಕೂತಿತು. ನಟ್ಟು ಬಿಗಿದಳು. ಎರಡನೆಯದಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ. ಹಳೆಯ ಸರಳನ್ನು ಕಲ್ಲಿನಿಂದ ಒಡೆದು ನೋಡಲು ಹೊರಟ ಶಿವಶರಣಪ್ಪನನ್ನು ಅಬೇದಾ ಬೈದಳು: “ಒಳಗಿನ ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡೀತೈತಿ, ಇಡೋ!”

ಎಲ್ಲರೂ ಬಾಗಿಲ ಕೆಳಗಿನಿಂದ ದೂರ ಸರಿದ ಮೇಲೆ ಹಗ್ಗ ಸಡಿಲಿಸಿದರು. ಬಾಗಿಲು ನಿಂತಿತು. ಶಂಕ್ರೆಪ್ಪ ಮುಂದೆ ಹತ್ತಿ ವ್ಯಾನನ್ನು ಜೋರಾಗಿ ತೂಗಾಡಿಸಿದ. ಆಗಲೂ ನಿಂತಿತು. ಅವನೇ ಮೊದಲು ಕೆಳಗೆ ಬಗ್ಗಿ ಒಂದು ಗಂಟು ಎಳೆದ. ಹೆಂಡತಿಯ ಕಡೆ ನೋಡಿದ. ರುದ್ರವ್ವ ಬಾಗಿಲನ್ನು ಕೈಯಿಂದ ಅಲುಗಿಸಿ ನೋಡಿ, ಆಮೇಲೆ ಬಗ್ಗಿದಳು. ಶಂಕ್ರೆಪ್ಪನ ಕೈ ತಾನಾಗಿ ಬಾಗಿಲಿಗೆ ಹೋಯಿತು.

“ಕೈ ತಗಿ ಅಣ್ಣಾ, ಸರಳು ಹಿಡದಾವ,” ಎಂದು ಅಬೇದಾ ನಕ್ಕಳು.

“ಹಿಡೀಲಿ ಬಿಡು. ಇವತ್ತೊಂದಿನ ನಾನೂ ಹಿಡೀತೀನಿ.”

ವ್ಯಾನು ಇಟ್ಟುಕೊಂಡ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಇವತ್ತೇ ಬದಿಗೆ ನಿಂತು ನಿಮ್ಮ ಬಾಗಿಲು ಎತ್ತಿ ನೋಡಿರಿ. ತಾನಾಗಿ ಇಳಿದರೆ ಕಟ್ಟಿಗೆ ಹುಡುಕಬೇಡಿರಿ, ಜೋಡಿ ಸರಳು ತನ್ನಿರಿ. ಬಾಗಿಲನ್ನು ಭದ್ರವಾಗಿ ಕಟ್ಟಿ, ಇಬ್ಬರು ಹಿಡಿದು, ಒಂದಾದ ಮೇಲೊಂದು ಬದಲಿಸಿರಿ. ಅದರ ಕೆಳಗೆ ಬಗ್ಗುವವರು ನಿಮ್ಮ ಮನೆಯವರೇ.