ಗೋರಿಯೊಳಗಿನ ಕತ್ತಿ

ಹಡಗು ಮುಳುಗಿ ಕಿರಿಯ ಮಗನ ಹೆಣವೂ ಸಿಗದೆ ಹೋದಾಗ, ಅವನು ಮನೆಯಲ್ಲಿ ಬಿಟ್ಟುಹೋಗಿದ್ದ ಮುತ್ತಾತನ ಕಾಲದ ನೌಕಾಪಡೆಯ ಕತ್ತಿಯನ್ನೇ ಎಣ್ಣೆಬಟ್ಟೆಯಲ್ಲಿ ಸುತ್ತಿ, ಕೊಟ್ಟಿಗೆಯ ಹಿಂದೆ ಹೊಲದಂಚಿನಲ್ಲಿ ಹೂತಿದ್ದರು. ಅಂದಿನಿಂದ ಅಮ್ಮ ಬೆಳಗಾದರೆ ಆ ದಿಬ್ಬದ ಪಕ್ಕ ಕೂತು, ಯಾವ ಹಸು ಗಬ್ಬವಾಯಿತು, ಯಾವ ಬೇಲಿ ಬಿತ್ತು ಎಂದು ಅವನಿಗೆ ಹೇಳುವಳು. ಹಿರಿಯ ಮಗ ಬಂದು ಊಟಕ್ಕೆ ಕರೆದರೆ, ಮಾತಾಡುತ್ತಿದ್ದೇನೆ, ತಡಿ ಎನ್ನುವಳು.

ಪಟ್ಟಣದ ಹಲ್ಲಿನ ಡಾಕ್ಟರಿಗೆ ಹಳೆಯ ನೌಕಾ ಕತ್ತಿಗಳ ಹುಚ್ಚು. ಮುತ್ತಾತನ ಹಡಗಿನ ಅಧಿಕಾರಿಗಳ ಕತ್ತಿಗಳೆಲ್ಲ ಅವರ ಗೋಡೆಯ ಮೇಲಿದ್ದವು, ಇದೊಂದನ್ನು ಬಿಟ್ಟು. ಅದನ್ನು ಕೇಳಲು ಬಂದು, ಇವರ ಅಂಗಳದ ಬೆಂಚಿನ ಮೇಲೆ ಕೂತು ಅವರು ಸಿಂಹದ ತಲೆಯ ಹಿಡಿ, ಅದಕ್ಕೆ ಸುತ್ತಿದ ಮೀನಿನ ಚರ್ಮ, ಹಿತ್ತಾಳೆಯ ಮೇಲೆ ಕೆತ್ತಿದ ಲಂಗರು ಎಂದು ಬಾಯ್ತುಂಬ ವರ್ಣಿಸಿದರು. ಕಡಲಿನ ಉಪ್ಪು ತಿಂದೂ ಉಳಿದ ವಸ್ತುವನ್ನು ಕೈಯಲ್ಲಿ ಹಿಡಿದರೆ ಮೈ ಜುಮ್ಮೆನ್ನುತ್ತದೆ, ಗೋಡೆಯಲ್ಲಿ ಅದರ ಖಾಲಿ ಜಾಗ ನೋಡಿದರೆ ಊಟ ಸೇರುವುದಿಲ್ಲ, ಕೇಳಿದಷ್ಟು ಹಣ ಕೊಡುತ್ತೇನೆ ಎಂದರು.

"ಹಲ್ಲು ಕಿತ್ತು ಸಾಕಾಯ್ತೇನೋ, ಈಗ ಗೋರಿಗೆ ಕೈ ಹಾಕಿದಾರೆ" ಎಂದು ಒಳಗೆ ಸೊಸೆ ಗೊಣಗಿದಳು.

ಹಿರಿಯವನು ಒಪ್ಪಿದ. ಹಣದ ಆಸೆ ಇರಲಿಲ್ಲವೆಂದಲ್ಲ. ಕತ್ತಿ ಹೋದರೆ ಅಮ್ಮ ಮನೆಯೊಳಗೆ ಬಂದಾಳು, ಬದುಕಿರುವ ಮಗನ ಕಡೆಗೂ ಒಮ್ಮೆ ತಿರುಗಿಯಾಳು ಎಂದುಕೊಂಡ. ಕಬ್ಬಿಣವನ್ನಷ್ಟೇ ತೆಗೆದು ದಿಬ್ಬವನ್ನು ಇದ್ದ ಹಾಗೇ ಮಾಡಿಕೊಡುವೆನೆಂದು ಅವಳಿಗೆ ಹೇಳಿದ.

"ಮಲಗಿರೋನ ಸೊಂಟದಿಂದ ಬಿಚ್ಕೋತೀಯೇನೋ?"

ಅವನು ತಲೆ ತಗ್ಗಿಸಿದ. ಅವಳು ದಿಬ್ಬದ ಮಣ್ಣನ್ನು ಅಂಗೈಯಿಂದ ಸವರಿ, "ಸರಿ, ತೆಗಿ. ಮುಖಕ್ಕೆ ಗುದ್ದಲಿ ತಾಗಿಸಬೇಡ. ನಾನೂ ಒಂದ್ಸಲ ನೋಡ್ತೀನಿ" ಎಂದಳು. ದುಃಖದ ಮಾತು ಎಂದು ಅವನು ಅದನ್ನು ಅಲ್ಲಿಗೇ ಬಿಟ್ಟ.

ಮೊಣಕಾಲುದ್ದ ತೋಡುವಷ್ಟರಲ್ಲಿ ಬಟ್ಟೆ ಸಿಕ್ಕಿತು. ಅಲಗು ತುಕ್ಕು ಹಿಡಿದು ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತಿತ್ತು. ಹಿಡಿ ಮಾತ್ರ ಗಟ್ಟಿಯಾಗಿತ್ತು. ಡಾಕ್ಟರು ಕರವಸ್ತ್ರದಿಂದ ಮಣ್ಣೊರೆಸಿ, ಕನ್ನಡಕ ಹಣೆಗೇರಿಸಿ ಸಿಂಹದ ಬಾಯೊಳಗೆ ಇಣುಕಿದರು. ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗವಚಿಕೊಂಡು ಕಾರಿನತ್ತ ನಡೆದರು.

ಅಮ್ಮ ಅತ್ತ ನೋಡಲೇ ಇಲ್ಲ. ಗುಂಡಿಯಂಚಿಗೆ ಬಂದು ಬಗ್ಗಿದಳು.

"ಇನ್ನೊಂಚೂರು ತೋಡಪ್ಪ. ಕೆಳಗಿದಾನೆ."

ಬರೀ ಕತ್ತಿಯನ್ನು ಹೂತ ದಿನ ಪಕ್ಕದಲ್ಲೇ ನಿಂತಿದ್ದವಳು ಅವಳು. ಹಿರಿಯವನು ಗುದ್ದಲಿ ಎತ್ತಿಕೊಂಡು ಮತ್ತೆ ತೋಡತೊಡಗಿದ. ಅವನು ಮೇಲೆ ಎಸೆದ ಹೆಂಟೆಗಳನ್ನು ಅವಳು ಒಂದೊಂದಾಗಿ ಕೈಯಲ್ಲಿ ಪುಡಿ ಮಾಡಿ ನೋಡುತ್ತ ಕೂತಳು.