ಬೇಡಿ ಹಾಕಿದ ಕೈ

ತಂದೆಯ ಶವಪೆಟ್ಟಿಗೆ ಮೆಟ್ಟಿಲಿಳಿಯುತ್ತಿದ್ದಾಗಲೇ ರೋಷನ ತಂಗಿಯ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದ.

"ಗೋರಿಯ ಹೊಂಡದ ಹತ್ರ ನೀನೇ ಎರಡು ಮಾತಾಡು, ನೀತಾ. ಪಪ್ಪನ ಮಾತು ನಿನಗೇ ಬಂದದ್ದು, ನಮಗೆಲ್ಲಿ? ಹಾಂಗೇ, ಮಾವಶಿನ ನೀನೇ ನೋಡ್ಕಂಬುದು ಅಂತ್ಲೂ ಹೇಳಿಬಿಡು. ಜನ ಕೇಳ್ತಿದ್ದಾರೆ."

"ಸೋಮವಾರ ನಾನು ಅಂಕೋಲೆಗೆ ಹೋಗ್ಬೇಕು, ದಾದಾ."

"ಅಂಕೋಲೆ ಎಲ್ಲಿಗೂ ಓಡಿಹೋಗೂದಿಲ್ಲ."

ಅಂಕೋಲೆಯ ವಸತಿಶಾಲೆಯಲ್ಲಿ ಸಿಕ್ಕ ಕೆಲಸ ಮಾತ್ರ ಕಾಯುವಂತಿರಲಿಲ್ಲ. ನೀತಾಳಿಗೆ ನಲವತ್ತೊಂದು. ಅವಳ ಜೊತೆಗೇ ಇದ್ದ, ತಾಯಿಯ ತಂಗಿ ಮಾವಶಿಗೆ ಕಣ್ಣು ಕಾಣಿಸದು, ಒಂದು ತಾಸೂ ಒಬ್ಬಳೇ ಬಿಡುವಂತಿಲ್ಲ. ಬೈತಖೋಲದಲ್ಲಿ ರೋಷನನ ದೊಡ್ಡ ಮನೆಯಿದ್ದರೂ ಅದರ ಮಾತು ಯಾರೂ ಎತ್ತಿರಲಿಲ್ಲ.

ದಾರಿಯಲ್ಲಿ ನೀತಾಳ ಚಪ್ಪಲಿ ಕಿತ್ತುಹೋಯಿತು. ಪಕ್ಕದ ಮನೆಯ ನಾಗಿ ಅಂದು ಮೀನು ಮಾರಲು ಹೋಗಿರಲಿಲ್ಲ. ತನ್ನ ಚಪ್ಪಲಿಯನ್ನು ಕಾಲಿನಿಂದಲೇ ಇತ್ತ ಸರಿಸಿ, ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ನಡೆದಳು.

*

ನೀತಾಳ ತಂದೆ ಇನಾಸ ಮಾಸ್ತರರು ಭಾನುವಾರದ ಪಾಠದಲ್ಲಿ, ಮೊದಮೊದಲ ಕ್ರೈಸ್ತರು ಜನರನ್ನು ಹೇಗೆ ಒಲಿಸುತ್ತಿದ್ದರೆಂದು ನಟಿಸಿ ತೋರಿಸುತ್ತಿದ್ದರು.

"ಪೌಲ ಕೈದಿ, ಎದುರಿಗೆ ರಾಜ. ನನ್ನ ಬಿಡು ಅಂತ ಕೇಳಿದ್ನಾ? ಇಲ್ಲ. ಮೊದಲು ರಾಜನಿಗೆ ಮರ್ಯಾದೆ ಕೊಟ್ಟ. ರಾಜನಿಗೆ ಗೊತ್ತಿದ್ದದ್ದನ್ನೇ ಹೇಳ್ದ. ಕೊನೆಗೆ ಕೈ ಚಾಚಿ, ನೀವೂ ನನ್ನ ಹಾಗೇ ಆಗಿ, ಈ ಬೇಡಿಯೊಂದು ನಿಮಗೆ ಬೇಡ ಅಂದ. ಆಗ ಎಲ್ಲರ ಕಣ್ಣು ಎಲ್ಲಿಗೆ ಹೋಯ್ತು, ಹೇಳಿ?"

"ಬೇಡಿಗೆ," ಎಂದು ಪುಟ್ಟ ನೀತಾ ಎಲ್ಲರಿಗಿಂತ ಮೊದಲು ಕೂಗುತ್ತಿದ್ದಳು.

ಎಂಟು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಅದೇ ತಿಂಗಳು ನೀತಾಳಿಗೆ ಧಾರವಾಡದಲ್ಲಿ ಕೆಲಸ ಸಿಕ್ಕಿತ್ತು. ಚೀಲ ಹಿಡಿದು ನಿಂತವಳಿಗೆ ಅವರು ತೊದಲುತ್ತ, "ಹೋಗ್ ಮಗಾ, ನನ್ನದೇನು," ಎಂದರು. ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಅವಳ ಅಂಗೈಯಲ್ಲಿಟ್ಟರು.

ಸಂಜೆ ಅವಳು ಚೀಲ ಬಿಚ್ಚಿದಳು. "ನಾನು ಹೋಗು ಅಂದಿದ್ದೆ," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ.

*

ಹೊಂಡದ ಬಳಿ ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ನೀತಾ ಮುಂದೆ ಬಂದಳು. ಪೆಟ್ಟಿಗೆ ಹೊತ್ತವರನ್ನು ನೆನೆದಳು, ಹಾಡಿದವರನ್ನು ನೆನೆದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ರೋಷನ ದಾದಾ ಭಾನುವಾರ ಭಾನುವಾರ ಮೀನು ತಂದು, ಮುಳ್ಳು ತೆಗೆದು ಮಾವಶಿಗೆ ತಿನ್ನಿಸ್ತಿದ್ದ. ನಿಮಗೆಲ್ಲ ಗೊತ್ತುಂಟು."

ಗೊತ್ತಿತ್ತು. ರೋಷನನ ಎದೆ ಸ್ವಲ್ಪ ಮುಂದೆ ಬಂತು.

"ಅಂಥ ಮಗ ಇರುವಾಗ ಮಾವಶಿಗೆ ಏನು ಕಡಿಮೆ? ಸೋಮವಾರ ನಾನು ಅಂಕೋಲೆಗೆ ಹೋಗ್ತೇನೆ. ಮಾವಶಿ ಅವನ ಮನೆಗೆ ಹೋಗ್ತಾಳೆ."

"ಒಳ್ಳೇದಾಯ್ತು ಮಾರಾಯ," ಎಂದು ನೆರೆಯ ಮಧುಕರ ರೋಷನನ ಬೆನ್ನು ತಟ್ಟಿದ. ಅಷ್ಟು ಜನರ ಮುಂದೆ ರೋಷನನಿಗೆ ಹೂಂ ಎಂದು ತಲೆಯಾಡಿಸದೆ ಇರಲಾಗಲಿಲ್ಲ.

ಆಗ ಮಾವಶಿ ತಡವರಿಸುತ್ತ ಬಂದು ನೀತಾಳ ಮಣಿಕಟ್ಟು ಹಿಡಿದಳು.

"ಹೋಗ್ ಮಗಾ," ಎಂದಳು. "ನನ್ನದೇನು."

ಹಿಡಿತ ಬಿಗಿಯಾಯಿತು. ನೀತಾಳ ಗಂಟಲಿಗೆ, ಬೇಡ ಮಾವಶಿ, ಹೋಗೂದಿಲ್ಲ ಎಂಬ ಮಾತು ಬಂದೇಬಿಟ್ಟಿತ್ತು.

"ಹೋಗು ಅಂದ್ರಲ್ಲ, ಅಮ್ಮಾ," ಎಂದಳು ಹಿಂದಿನಿಂದ ನಾಗಿ. "ಹಂಗಾರೆ ಕೈ ಬಿಡ್ಬೇಕಲ್ದ?"

ಬಲೆಯಿಂದ ಮೀನು ಬಿಡಿಸುವವಳ ನಾಜೂಕಿನಲ್ಲಿ ಅವಳು ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸವರಿ, ರೋಷನನ ತೋಳಿನ ಮೇಲಿಟ್ಟಳು.

ನೀತಾ ಬಗ್ಗಿ ಹಿಡಿಮಣ್ಣು ತೆಗೆದು ತಂದೆಯ ಮೇಲೆ ಕೈ ಚಾಚಿದಳು. ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಅಚ್ಚು ಕೆಂಪಗೆ ಎದ್ದಿತ್ತು. ಹೊಂಡದ ಸುತ್ತ ನಿಂತವರ ಕಣ್ಣೆಲ್ಲ ಅಲ್ಲಿಗೇ ಹೋಯಿತು.